ಅಂಗಡಿಯ ವಿಳಾಸಕ್ಕೆ ಬಂದ ಸರಕಾರಿ ಲಕೋಟೆ

ಕಳೆದ ತಿಂಗಳು ನಾನು ಒಬ್ಬ ಹೆಂಗಸನ್ನು ಅಪಾಯಕ್ಕೆ ನೂಕಿದೆ. ದುಂಡಗಿನ ಅಕ್ಷರದಲ್ಲಿ, ನೀಲಿ ಇಂಕಿನಲ್ಲಿ, ಮಾರ್ಜಿನ್ ಬಿಟ್ಟು, ಒಂದೇ ಒಂದು ಕಾಗುಣಿತದ ತಪ್ಪಿಲ್ಲದೆ.

ರಿಟೈರ್ ಆದ ಕನ್ನಡ ಟೀಚರ್ ಮನೆಗೆ ಯಾರು ಬರುತ್ತಾರೆ ಹೇಳಿ? ಹಳೆ ವಿದ್ಯಾರ್ಥಿಗಳು ಹೂವು ಹಣ್ಣು ಹಿಡಿದು ಬರುತ್ತಾರೆ ಎಂದುಕೊಂಡಿದ್ದರೆ ಅದೆಲ್ಲ ಸಿನಿಮಾದಲ್ಲಿ. ಬೆಳ್ತಂಗಡಿ ಹತ್ತಿರದ ಲಾಯಿಲದ ನಮ್ಮ ಮನೆಗೆ ಬರುವವರು ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ. ರೇಷನ್ ಕಾರ್ಡಿಗೆ, ವಿಧವಾ ವೇತನಕ್ಕೆ, ವಾಲಿದ ಕರೆಂಟ್ ಕಂಬ ನೆಟ್ಟಗೆ ಮಾಡಿಸುವುದಕ್ಕೆ. (ಟೀಚರ್ ಬರೆದರೆ ಕೆಲಸ ಆಗುತ್ತದೆ ಎಂಬ ಸುದ್ದಿ ಊರಲ್ಲಿದೆ. ಅದನ್ನು ಹಬ್ಬಿಸಿದ್ದು ನಾನೇ ಎಂದು ನಮ್ಮ ಯಜಮಾನರು ಹೇಳುತ್ತಾರೆ.)

ಜಲಜಾಕ್ಷಿಯೂ ಹಾಗೆಯೇ ಬಂದಳು. ಹೆಸರು ಬದಲಿಸಿದ್ದೇನೆ. ಊರಿನ ಹೆಸರನ್ನಂತೂ ಬರೆಯುವುದೇ ಇಲ್ಲ. ಚಾರ್ಮಾಡಿ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ಗಂಟೆ ಒಳಗೆ ನಡೆಯಬೇಕು ಎಂದರೆ ಸಾಕು. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಮೂರನೇ ಬೆಂಚು, ಎಣ್ಣೆ ಹಚ್ಚಿದ ಎರಡು ಜಡೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಈಗ ಬೀಡಿ ಕಟ್ಟುತ್ತಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಊರಿಗೆಲ್ಲ ತುಳು ಮಾತಾಡುವವಳು ನನ್ನ ಹತ್ತಿರ ಮಾತ್ರ ಈಗಲೂ ಶಾಲೆಯ ಕನ್ನಡವನ್ನೇ ಮಾತಾಡುತ್ತಾಳೆ.

ಅವಳ ಗಂಡ ಸಂಜೀವನ ಕೊಲೆಯಾಗಿ ಎರಡು ವರ್ಷ ಆಯಿತು. ಕಾರಣ? ದಾರಿ. ಪಕ್ಕದ ಜಾಗದವನು ಕಾಲುದಾರಿಗೆ ಬೇಲಿ ಹಾಕಿದ, ಸಂಜೀವ ಬೇಲಿ ಕಿತ್ತ, ಅವನು ಮನೆಯೊಳಗೆ ಹೋಗಿ ಕತ್ತಿ ತಂದ. ಮಧ್ಯಾಹ್ನ ಊಟದ ಹೊತ್ತು. ಗಂಜಿ ಬಸಿಯುತ್ತಿದ್ದ ಜಲಜ ಕೂಗು ಕೇಳಿ ಓಡಿಬಂದಳು. ನಡೆದದ್ದನ್ನು ಕಣ್ಣಾರೆ ನೋಡಿದವಳು ಅವಳೊಬ್ಬಳೇ. ಕೇಸಿಗೆ ಇರುವ ಸಾಕ್ಷಿಯೂ ಅವಳೊಬ್ಬಳೇ.

ಪಕ್ಕದವನು ಕೆಲವು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಕೋರ್ಟು ತೀರ್ಪು ಕೊಡುವವರೆಗೆ ಅವನು ಆರೋಪಿ ಮಾತ್ರ, ನಾನೂ ಹಾಗೇ ಬರೆಯುತ್ತೇನೆ. ಆದರೆ ಜಲಜ ದಿನಾ ನಡೆಯುವುದು ಅವನ ಅಂಗಳದ ಬದಿಯಿಂದ. ಬೇರೆ ದಾರಿ ಇಲ್ಲ. ಇರುತ್ತಿದ್ದರೆ ಸಂಜೀವ ಸಾಯುತ್ತಲೂ ಇರಲಿಲ್ಲ.

"ಬೈತಾನಾ? ಹೆದರಿಸ್ತಾನಾ?" ಎಂದು ಕೇಳಿದೆ.

"ಇಲ್ಲ ಟೀಚರ್. ಎಂತದ್ದೂ ಹೇಳುವುದಿಲ್ಲ. ಅವನ ಅಣ್ಣನ ಅಂಗಡಿಯ ಬೆಂಚಿನಲ್ಲಿ ಕೂತಿರ್ತಾನೆ. ದೊಡ್ಡವಳು ಬಸ್ಸಿಳಿದು ಬರುವಾಗ 'ಶಾಲೆ ಬಿಟ್ಟಿತಾ ಮಗಾ?' ಅಂತ ಕೇಳ್ತಾನೆ. ಅಷ್ಟೇ."

ಅಷ್ಟೇ. ಇದಕ್ಕೆ ಯಾವ ಠಾಣೆಯಲ್ಲಿ ಕಂಪ್ಲೇಂಟ್ ಕೊಡುತ್ತೀರಿ? 'ಶಾಲೆ ಬಿಟ್ಟಿತಾ' ಎಂದು ಕೇಳುವುದಕ್ಕೆ ಯಾವ ಸೆಕ್ಷನ್ ಹಾಕುತ್ತಾರೆ? ದೊಡ್ಡವಳು ಧನ್ಯಾ, ಈ ವರ್ಷ ಎಸ್ಸೆಸ್ಸೆಲ್ಸಿ. ಬಸ್‌ಸ್ಟಾಪಿನಿಂದ ಮನೆಯವರೆಗೆ ಓಡುತ್ತಾಳಂತೆ. ಮನೆ ತಲುಪಿ ಒಂದು ಚೆಂಬು ನೀರು ಕುಡಿದ ಮೇಲೆಯೇ ಮಾತು.

ಕೊಲೆಯಾದವರ ಕುಟುಂಬಕ್ಕೆ ಸರಕಾರವೇ ಪರಿಹಾರ ಕೊಡುವ ಯೋಜನೆ ಇದೆ. ಕೇಸು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಆರೋಪಿಗೆ ಶಿಕ್ಷೆಯಾಗಲೇಬೇಕು ಎಂದೂ ಇಲ್ಲ. ಕಾನೂನು ನೆರವಿನ ಕಚೇರಿಗೆ ಅರ್ಜಿ ಕೊಟ್ಟರೆ ಅವರು ಪೊಲೀಸ್ ವರದಿ ತರಿಸಿ, ವಿಚಾರಣೆ ಮಾಡಿ ತೀರ್ಮಾನಿಸುತ್ತಾರೆ. ಇದನ್ನು ನಾನು ಮೂಡುಬಿದಿರೆಯಲ್ಲಿ ಮಹಿಳಾ ಸಂಘದ ಒಂದು ಕಾರ್ಯಕ್ರಮದಲ್ಲಿ ವಕೀಲರೊಬ್ಬರ ಬಾಯಿಂದ ಕೇಳಿದ್ದೆ. ಜಲಜಳಿಗೂ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಸುಮ್ಮನಿದ್ದಳು.

"ನಾನು ದುಡ್ಡಿಗೆ ಅರ್ಜಿ ಹಾಕಿದ್ದು ಅವರಿಗೆ ಗೊತ್ತಾದ್ರೆ ಟೀಚರ್?"

"ಅವರಿಗೆ ಹೇಗೆ ಗೊತ್ತಾಗ್ತದೆ? ಮೈಕಿನಲ್ಲಿ ಅನೌನ್ಸ್ ಮಾಡ್ತಾರಾ? ಎರಡು ವರ್ಷ ಎಂತ ಮಾಡ್ತಾ ಇದ್ದೆ ನೀನು?" ಎಂದು ಗದರಿಸಿದೆ. ಗದರಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಅವಳ ಲೆಕ್ಕಾಚಾರ ಸರಳವಾಗಿತ್ತು. ಆ ದುಡ್ಡು ಬಂದರೆ ಬೆಳ್ತಂಗಡಿ ಪೇಟೆಯ ಹತ್ತಿರ ಒಂದು ಬಾಡಿಗೆ ರೂಮು. ಬೀಡಿಯನ್ನು ಎಲ್ಲಿ ಕೂತೂ ಕಟ್ಟಬಹುದು. ಮಕ್ಕಳು ಆ ಬೆಂಚಿನ ಮುಂದೆ ದಿನಾ ಎರಡು ಸಲ ಹಾದುಹೋಗುವುದು ತಪ್ಪುತ್ತದೆ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ನಾನು ಬರೆದೆ. ವಿಳಾಸದ ಕಾಲಂ ಬಂದಾಗ ಅವಳ ಆಧಾರ್ ಕಾರ್ಡ್ ತೆಗೆದುಕೊಂಡು ಅದರಲ್ಲಿದ್ದದ್ದನ್ನೇ ಕಾಪಿ ಮಾಡಿದೆ. ಅವಳು ಓದದೆ ಸೈನ್ ಹಾಕಿದಳು. ಟೀಚರ್ ಬರೆದದ್ದನ್ನು ವಿದ್ಯಾರ್ಥಿನಿ ತಿದ್ದುತ್ತಾಳೆಯೇ? ಕಚೇರಿಗೆ ಹೋಗಿ ಕೊಟ್ಟೆವು, ಸೀಲು ಹಾಕಿದ ಪ್ರತಿ ಸಿಕ್ಕಿತು. ಎದುರಿನ ಹೋಟೆಲಿನಲ್ಲಿ ಗೋಳಿಬಜೆ, ಚಾ. ಬಿಲ್ಲು ನಾನೇ ಕೊಟ್ಟೆ. ಅಷ್ಟು ಖುಷಿಯಲ್ಲಿದ್ದೆ.

ಚಾ ಕುಡಿಯುತ್ತಾ ಅವಳು ಆ ಪ್ರತಿಯನ್ನು ಮೊದಲ ಸಲ ಓದಿದಳು. ಅರ್ಧಕ್ಕೆ ಬಂದವಳು ಲೋಟ ಕೆಳಗಿಟ್ಟಳು.

"ಟೀಚರೇ, ಇದರಲ್ಲಿ ಅವರ ಅಂಗಡಿ ಉಂಟಲ್ಲ."

ಬೆಂಗಳೂರಿನ ಓದುಗರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಬೀದಿ ಇಲ್ಲ, ಕ್ರಾಸ್ ಇಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಡಿನ ಆಚೆ. ಪೋಸ್ಟ್‌ಮ್ಯಾನ್ ಎಲ್ಲಿಗೆಂದು ಹತ್ತಿ ಇಳಿಯಬೇಕು? ಹಾಗಾಗಿ ಮಾರ್ಗದ ಬದಿಯ ಅಂಗಡಿಯಲ್ಲಿ ಕಾಗದ ಕೊಟ್ಟು ಹೋಗುತ್ತಾರೆ. ಮನೆಯವರು ಸಾಮಾನಿಗೆ ಬಂದಾಗ ತೆಗೆದುಕೊಂಡು ಹೋಗುತ್ತಾರೆ. ಮದುವೆ ಕಾಗದ, ಬ್ಯಾಂಕಿನ ನೋಟಿಸು, ಗಲ್ಫಿನಲ್ಲಿರುವವರ ಪಾರ್ಸೆಲ್, ಎಲ್ಲವೂ ಅಕ್ಕಿ ಬೆಲ್ಲದ ಜೊತೆಗೇ ಮನೆ ಸೇರುತ್ತದೆ. ಆಧಾರಿನಲ್ಲೂ ಹಾಗೆಯೇ: ಇಂಥವರ ಹೆಂಡತಿ, ಇಂಥ ಸ್ಟೋರ್ಸ್‌ನ ಬಳಿ. ಇದರಲ್ಲಿ ಯಾರಿಗೂ ಏನೂ ವಿಶೇಷ ಕಂಡದ್ದಿಲ್ಲ. ನನ್ನ ತವರಿನ ವಿಳಾಸವೂ ಒಂದು ಅಂಗಡಿಯದ್ದೇ.

ಜಲಜಳಿಗೆ ಆಧಾರ್ ಆದಾಗ ಆ ಅಂಗಡಿ ಒಬ್ಬ ಮುದುಕರದ್ದಾಗಿತ್ತು. ಆಮೇಲೆ ಅವರು ಬಿಟ್ಟರು, ಆರೋಪಿಯ ಅಣ್ಣ ವಹಿಸಿಕೊಂಡ. ಬೋರ್ಡು ಹಳೆಯದೇ, ಹೆಸರೂ ಹಳೆಯದೇ. ನಾನು ಅರ್ಜಿಯಲ್ಲಿ ಅಂದವಾಗಿ ಬರೆದಿದ್ದೆ. ಗಂಡನನ್ನು ಕೊಂದ ಆರೋಪ ಹೊತ್ತವನು ದಿನವಿಡೀ ಕೂರುವ ಬೆಂಚಿನ ಬಳಿಗೇ, ಆ ಕೊಲೆಯ ಪರಿಹಾರದ ಕಾಗದ ಕಳಿಸಿ ಎಂದು ಸರಕಾರವನ್ನು ಕೇಳಿಕೊಂಡಿದ್ದೆ.

ಗೋಳಿಬಜೆ ಹಾಗೇ ಉಳಿಯಿತು.

ಓಡಿದೆವು. ಕಚೇರಿಯ ಗುಮಾಸ್ತರು ಒಳ್ಳೆಯವರು, ಸಿಡುಕಲಿಲ್ಲ. "ಮೇಡಂ, ನಿಮ್ಮದು ಜಿಲ್ಲಾ ಕಚೇರಿಯ ಟಪಾಲಿಗೆ ಹೋಗಿ ಆಯ್ತು. ಅಡ್ರೆಸ್ ಚೇಂಜ್ ಅಂತ ಇನ್ನೊಂದು ಅರ್ಜಿ ಕೊಡಿ, ನಾಳೆಯ ಟಪಾಲಿನಲ್ಲಿ ಕಳಿಸ್ತೇನೆ. ಯಾವ ಅಡ್ರೆಸ್ ಹಾಕ್ತೀರಿ?"

ಯಾವ ಅಡ್ರೆಸ್?

ಜಲಜ ಅಲ್ಲಿಂದಲೇ ಬಂಟ್ವಾಳದಲ್ಲಿರುವ ಅಣ್ಣನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿರಲಿಲ್ಲ, ಆದರೂ ನನಗೆ ಕೇಳಿಸಿತು. "ನಮ್ಮನ್ನು ಅದಕ್ಕೆ ಸೇರಿಸ್ಬೇಡ ಮಾರಾಯ್ತಿ, ಇಲ್ಲಿಯೂ ಮಕ್ಕಳು ಇದ್ದಾರೆ." (ತುಳುವಿನಲ್ಲಿ ಹೇಳಿದ್ದು. ಕನ್ನಡದಲ್ಲಿ ಬರೆದರೂ ಅದರ ಹೆದರಿಕೆ ಕಡಿಮೆಯಾಗಿಲ್ಲ.) ಅವಳು ಫೋನ್ ಇಟ್ಟು ನೆಲ ನೋಡಿದಳು. ಗುಮಾಸ್ತರು ನನ್ನನ್ನು ನೋಡಿದರು.

"ಕೇರಾಫ್ ನಿಮ್ಮದೇ ಹಾಕಿ ಮೇಡಂ. ಆಗಬಹುದಲ್ಲ?"

ಎಂತಹ ಸುಲಭದ ಪ್ರಶ್ನೆ! ಒಂದು ಗಂಟೆ ಮೊದಲು ಕೇಳಿದ್ದರೆ ಎದೆ ತಟ್ಟಿಕೊಂಡು ಬರೆಯುತ್ತಿದ್ದೆ. ಆಗ ಪೆನ್ನು ಹಿಡಿದು ಕೂತೆ. ನಮ್ಮ ಮನೆ ಮಾರ್ಗದ ಬದಿಯಲ್ಲಿದೆ. ಕೇಸಿನ ವಾಯಿದೆ ಇದ್ದಾಗೆಲ್ಲ ಆ ಆರೋಪಿ ಕೋರ್ಟಿಗೆ ಹೋಗುವ ಬಸ್ಸು ನಮ್ಮ ಗೇಟಿನ ಎದುರಿನಿಂದಲೇ ಹೋಗುತ್ತದೆ. ಯಜಮಾನರಿಗೆ ಹಾರ್ಟಿನ ತೊಂದರೆ. ಮಗಳು ಹೆರಿಗೆಗೆ ಬರುವವಳಿದ್ದಾಳೆ. ಇಷ್ಟೆಲ್ಲ ಯೋಚನೆ ಬರಲು ಹತ್ತು ಸೆಕೆಂಡು ಸಾಕಾಯಿತು. ಆ ಹತ್ತು ಸೆಕೆಂಡನ್ನು ಜಲಜ ನೋಡಿದಳು.

"ಬೇಡ ಟೀಚರ್" ಎಂದಳು ಮೆಲ್ಲಗೆ.

ಬರೆದೆ. ನಾಚಿಕೆಯಿಂದ ಬರೆದೆ ಎಂದರೆ ಸರಿ. ಅಕ್ಷರ ಮೊದಲಿನಷ್ಟು ದುಂಡಗೆ ಬರಲಿಲ್ಲ.

ಆ ದಿನದಿಂದ ಗೇಟಿನ ಸದ್ದಾದರೆ ನಾನು ಮೊದಲು ಕಿಟಕಿಯ ಹತ್ತಿರ ಹೋಗುತ್ತೇನೆ. ಮೀನಿನವರು, ಗ್ಯಾಸಿನವರು, ಚಂದಾ ಕೇಳುವವರು, ಎಲ್ಲರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ ಆಮೇಲೆ ಬಾಗಿಲು. ತಮಾಷೆ ಏನೆಂದರೆ ಆ ಆರೋಪಿಯ ಮುಖವನ್ನು ನಾನು ನೋಡಿಯೇ ಇಲ್ಲ. ನೋಡಿದ್ದರೆ ಒಬ್ಬನಿಗೆ ಹೆದರುತ್ತಿದ್ದೆ. ಈಗ ಗೇಟಿಗೆ ಬಂದವರಿಗೆಲ್ಲ ಹೆದರುತ್ತೇನೆ. ಕಂಡದ್ದೇ ಇಲ್ಲದ ನನಗೆ ಹೀಗಾದರೆ, ಕತ್ತಿ ಬೀಸಿದ್ದನ್ನು ಕಂಡವಳು ಎರಡು ವರ್ಷ ಹೇಗೆ ನಡೆದಳು ಆ ಅಂಗಳದ ಬದಿಯಲ್ಲಿ? ಅವಳನ್ನು ನಾನು ಗದರಿಸಿದ್ದೆನಲ್ಲ!

ಎರಡನೇ ಅರ್ಜಿ ಫೈಲಿಗೆ ಸೇರುವ ಮೊದಲೇ ಮೊದಲನೆಯದಕ್ಕೆ ಪತ್ರ ಹೊರಟಾಗಿತ್ತು. ಯಾರದ್ದೂ ತಪ್ಪಲ್ಲ, ನನ್ನ ಹೊರತು.

ಈ ಸೋಮವಾರ ಸಂಜೆ ಧನ್ಯಾ ಬಸ್ಸಿಳಿದಾಗ ಅಂಗಡಿಯವನು ಕರೆದು ಲಕೋಟೆ ಕೊಟ್ಟ. ಬೆಂಚಿನಲ್ಲಿ ಕೂತಿದ್ದ ತಮ್ಮ ಅವತ್ತು ಶಾಲೆಯ ಬಗ್ಗೆ ಕೇಳಲಿಲ್ಲ. "ಅಮ್ಮನಿಗೆ ಹೇಳು ಮಗಾ, ಕಷ್ಟ ಇದ್ರೆ ನಮ್ಮ ಹತ್ರವೇ ಹೇಳ್ಬಹುದಿತ್ತು ಅಂತ. ಅಷ್ಟು ದೂರ ಎಲ್ಲ ಹೋಗುವುದು ಯಾಕೆ?" ಎಂದ. ದನಿ ಎತ್ತರಿಸಲಿಲ್ಲ. ಅಂಗಡಿಯಲ್ಲಿ ಸಾಮಾನಿಗೆ ನಿಂತಿದ್ದ ಇಬ್ಬರು ತಲೆ ತಗ್ಗಿಸಿ ಚೀಲ ಕಟ್ಟಿಕೊಂಡರಂತೆ.

ಲಕೋಟೆಯ ಬಾಯಿ ಅಂಟಿಸಿಯೇ ಇತ್ತು. ಆದರೆ ಅಂಟು ಇನ್ನೂ ಹಸಿ.

ಮರುದಿನ ಬೆಳಿಗ್ಗೆ ಮೂವರೂ ನಮ್ಮ ಮನೆಯಲ್ಲಿದ್ದರು. ಮಕ್ಕಳು ಯೂನಿಫಾರ್ಮಿನಲ್ಲಿ, ಜಲಜಳ ಕೈಯಲ್ಲಿ ಬಟ್ಟೆಯ ಒಂದು ಬ್ಯಾಗು ಮತ್ತು ಬೀಡಿಯ ಮೊರ. ಪತ್ರ ಓದಿದೆ. ಮುಂದಿನ ಗುರುವಾರ ಮೂಲ ದಾಖಲೆಗಳ ಸಮೇತ ವಿಚಾರಣೆಗೆ ಹಾಜರಾಗಬೇಕು ಎಂದಿತ್ತು. ಒಳ್ಳೆಯ ಸುದ್ದಿಯೇ. ಅರ್ಜಿ ಕಸದ ಬುಟ್ಟಿಗೆ ಹೋಗಿಲ್ಲ, ಯಾರೋ ಓದಿದ್ದಾರೆ. ಅವರ ಕೆಲಸವನ್ನು ಅವರು ಸರಿಯಾಗಿಯೇ ಮಾಡಿದ್ದಾರೆ.

"ಟೀಚರೇ, ಎಂತದ್ದೂ ಬೇಡ ಅಂತ ಬರೆದು ಕೊಡಿ" ಎಂದಳು ಜಲಜ. "ದುಡ್ಡು ಬೇಡ, ರೂಮು ಬೇಡ. ಅರ್ಜಿ ವಾಪಸ್ ತೆಗೊಳ್ತೇನೆ."

ಸಾಕ್ಷಿಗಳಿಗೆ ರಕ್ಷಣೆ ಕೊಡುವ ಯೋಜನೆಯೂ ಉಂಟು, ಅದನ್ನು ಕೇಳುವ ಎಂದೆ. (ಅದಕ್ಕೂ ಅರ್ಜಿ ಬೇಕು. ಅರ್ಜಿಯಲ್ಲಿ ವಿಳಾಸ ಬೇಕು.) ಅವಳು ತಲೆ ಅಲ್ಲಾಡಿಸಿದಳು. "ನೀವು ಬರೆಯದಿದ್ರೆ ಟೈಪಿಂಗಿನವರ ಹತ್ರ ಬರೆಸ್ತೇನೆ ಟೀಚರ್. ಇವಳ ಪರೀಕ್ಷೆ ಮುಗಿಯಬೇಕು ನನಗೆ." ಧನ್ಯಾ ಚಾವಡಿಯಲ್ಲಿ ಕೂತು ಪುಸ್ತಕ ತೆರೆದಿದ್ದಳು. ಅರ್ಧ ಗಂಟೆ ಒಂದು ಪುಟವನ್ನೂ ತಿರುವಲಿಲ್ಲ.

ನಾನು ಕಾಗದ ತೆಗೆದುಕೊಂಡೆ. 'ಮಾನ್ಯರೇ' ಎಂದು ಬರೆದೆ. 'ವೈಯಕ್ತಿಕ ಕಾರಣಗಳಿಂದ' ಎಂಬಲ್ಲಿಯವರೆಗೆ ಬರೆದೆ. ಅಲ್ಲಿ ನಿಂತೆ. ಇವತ್ತು ಪರಿಹಾರ ಬೇಡ ಎಂದವಳು ನಾಳೆ ಸಾಕ್ಷಿಕಟ್ಟೆಯಲ್ಲಿ ನಿಂತು 'ನಾನು ಎಂತದ್ದೂ ನೋಡಲಿಲ್ಲ' ಎನ್ನುವುದಕ್ಕೆ ಎಷ್ಟು ದೂರ? ಸಂಜೀವನ ಕೇಸಿನಲ್ಲಿ ಉಳಿದಿರುವುದು ಅವಳ ಕಣ್ಣುಗಳು ಮಾತ್ರ.

ಗುರುವಾರಕ್ಕೆ ಇನ್ನೂ ದಿನ ಇದೆ, ಅಲ್ಲಿಯವರೆಗೆ ಇಲ್ಲೇ ಇರಿ ಎಂದು ಹೇಳಿ ಎದ್ದೆ. ಇದ್ದಾರೆ. ಯಜಮಾನರು ಗೇಟಿಗೆ ಹೊಸ ಬೀಗ ತಂದಿದ್ದಾರೆ. ಹಿಂದಿನ ಕೋಣೆಯಲ್ಲಿ ಜಲಜ ಬೀಡಿ ಕಟ್ಟುತ್ತಾಳೆ, ಮಾರ್ಗದಲ್ಲಿ ಬಸ್ಸು ನಿಂತಾಗೆಲ್ಲ ಅವಳ ಕೈ ನಿಲ್ಲುತ್ತದೆ. ಅರ್ಧ ಬರೆದ ಕಾಗದ ಮೇಜಿನ ಮೇಲಿದೆ. ನಾನದನ್ನು ಹರಿದಿಲ್ಲ, ಮುಗಿಸಿಯೂ ಇಲ್ಲ.

ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಅವಳು 'ಎಂತದ್ದೂ ಬೇಡ' ಎಂದಾಗ, ಇನ್ನು ನಮ್ಮ ಮನೆಗೆ ಆ ಕಾಗದಗಳು ಬರುವುದಿಲ್ಲ ಎಂದು ನನ್ನೊಳಗೆ ಒಂದು ಸಣ್ಣ ನಿರಾಳವಾಯಿತು.

ಬೆಂಚಿನ ಮೇಲೆ ಕೂತವನಿಗೆ ನಮ್ಮಿಂದ ಬೇಕಾಗಿರುವುದೂ ಅಷ್ಟೇ ಅಲ್ಲವೇ?