ಹಗಲಿನ ಚೊಂಬು

ಆ ಕಾಲ ಅಂದ ಕೂಡಲೇ ಎಲ್ಲರೂ ಕಾರೆಹಣ್ಣು, ಲಗೋರಿ, ಹುಣಸೆಮರ ಅಂತ ಶುರು ಮಾಡುತ್ತಾರೆ. ಮಾಡಲಿ, ನಾನೂ ಕಾರೆಹಣ್ಣು ತಿಂದವಳೇ. ಆದರೆ ತೊಂಬತ್ತರ ದಶಕದ ಕೊನೆಯ ಆ ದಿನಗಳು, ನನ್ನ ಆರನೇ ಕ್ಲಾಸಿನ ವರ್ಷ ಅಂದರೆ ನನಗೆ ಮೊದಲು ನೆನಪಾಗುವುದು ಮಲಬದ್ಧತೆ. ಮೂಗು ಮುರಿಯುವವರು ಮುರಿಯಲಿ. ನೋವು ತಿಂದವಳು ನಾನು, ಹೇಳುವವಳೂ ನಾನೇ.

ದೇವಸಮುದ್ರದ ಕಡೆಯ ಒಂದು ಸಣ್ಣ ಹಳ್ಳಿ ನಮ್ಮದು. ಕುರಿ, ಒಂದಿಷ್ಟು ಶೇಂಗಾ ಹೊಲ, ಉಳಿದಂತೆ ಕೂಲಿ. ಕಕ್ಕಸು ಅನ್ನುವುದು ಯಾರ ಮನೆಯಲ್ಲೂ ಇರಲಿಲ್ಲ. ಮನೆಗಳ ಹಿಂದೆ ಬಳ್ಳಾರಿ ಜಾಲಿಯ ದಟ್ಟ ಪೊದೆ ಇತ್ತು. ಹೆಂಗಸರಿಗೆ ಅದೇ ಮರೆ. ಆ ವರ್ಷ ಇದ್ದಿಲು ಸುಡುವವರು ಬಂದು ಜಾಲಿಯನ್ನೆಲ್ಲ ಬುಡದವರೆಗೂ ಕಡಿದರು. ಎರಡು ತಿಂಗಳು ಊರೆಲ್ಲ ಹೊಗೆ. ಲಂಗದಲ್ಲಿ, ಕೂದಲಲ್ಲಿ, ಹೆಪ್ಪು ಹಾಕಿದ ಮೊಸರಲ್ಲೂ ಅದೇ ವಾಸನೆ. ಹೊಗೆ ಹೋದ ಮೇಲೆ ನೋಡಿದರೆ ಊರ ಹಿಂದೆ ಬರೀ ಬೋಳು ಬಯಲು. ಉಳಿದದ್ದು ಊರ ಮುಂದಿನ ಬಂಡೆಗಳ ಮರೆ ಮಾತ್ರ. ಅಲ್ಲಿಗೆ ಹೋಗಬೇಕೆಂದರೆ ಬೇವಿನಕಟ್ಟೆ ದಾಟಬೇಕು, ಕಟ್ಟೆಯ ಮೇಲೆ ದಿನವಿಡೀ ಗಂಡಸರು.

ಚೊಂಬು ಹಿಡಿದು ಗಂಡಸರ ಮುಂದೆ ಹಾದುಹೋಗುವ ಹೆಣ್ಣು ನಮ್ಮೂರಲ್ಲಿ ಇರಲಿಲ್ಲ. ಬೆಳಕು ಹರಿಯುವ ಮುಂಚೆ ಇಲ್ಲವೆ ಕತ್ತಲಾದ ಮೇಲೆ, ಅದೂ ಚೊಂಬನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗಬೇಕು. ನಡುವೆ ಬಂದರೆ ತಡೆದುಕೊಳ್ಳಬೇಕು. ಅದಕ್ಕೆ ಅವ್ವನ ಹತ್ತಿರ ಒಂದು ಉಪಾಯವಿತ್ತು: ನೀರು ಕುಡಿಯಬಾರದು. ಮುದ್ದೆ ಇಳಿಯಲು ಎರಡು ಗುಟುಕು, ಅಷ್ಟೇ. ಹೊರಗೆ ಬೆಂಕಿ ಬಿಸಿಲು, ಹೊಟ್ಟೆಗೆ ಮುದ್ದೆ, ಕೆಂಪು ಖಾರ, ಮಡಿಲು ತುಂಬ ಹುರಿದ ಶೇಂಗಾ. ನನ್ನ ಮಗಳು ಹಗಲು ಒಂದು ದಿನವೂ ಹೊರಗೆ ಹೋದವಳಲ್ಲ ಎಂದು ಅವ್ವ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನಾನೂ ಬೀಗುತ್ತಿದ್ದೆ, ದಡ್ಡಿ.

ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಆಗತೊಡಗಿತು, ಕಲ್ಲಿನ ಹಾಗೆ. ಒಂದು ಬೆಳಗ್ಗೆ ಬ್ಲೇಡಿನಲ್ಲಿ ಕೊಯ್ದಂತಾಗಿ ರಕ್ತ ಬಂತು. ಹೊತ್ತು ಏರುವವರೆಗೂ ಉರಿ. ಕುಂಟೆಬಿಲ್ಲೆ ಆಡಲು ಕಾಲೆತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. ಸತ್ತೇ ಹೋಗುತ್ತೇನೆ ಅಂದುಕೊಂಡೆ, ಆದರೂ ಯಾರಿಗೂ ಹೇಳಲಿಲ್ಲ. ನೋವಿಗೆ ಹೆದರಿ ಇನ್ನಷ್ಟು ತಡೆದುಕೊಂಡೆ.

ಕಂಡುಹಿಡಿದವಳು ಅಜ್ಜಿ, ಅಪ್ಪನ ತಾಯಿ. ನಾನು ಗೋಡೆ ಹಿಡಿದು ಏಳುವುದನ್ನು ನೋಡಿ ಹತ್ತಿರ ಕೂರಿಸಿಕೊಂಡು ಕೇಳಿದಳು. ನಾನು ಲಂಗದ ಅಂಚು ತಿರುಚತೊಡಗಿದೆ. "ಉಣ್ಣೋಕೆ ಇಲ್ಲದ ಸಿಗ್ಗು ಇದಕ್ಕೆ ಯಾಕೇ?" ಅಂದಳು. ಆಮೇಲೆ ಎಲ್ಲ ಹೇಳಿದೆ. ಅಜ್ಜಿ ಹರಳೆಣ್ಣೆ ಕುಡಿಸಿದಳು. ಒಂದು ದಿನ ಹಗುರವಾಯಿತು, ಮತ್ತೆ ಅದೇ ಕಥೆ. ಕೊನೆಗೆ ಅವಳೇ ಹಠ ಹಿಡಿದು ಅವ್ವನನ್ನೂ ನನ್ನನ್ನೂ ಮೊಳಕಾಲ್ಮೂರಿನ ಬಸ್ಸು ಹತ್ತಿಸಿದಳು.

ಅಲ್ಲಿಯ ಡಾಕ್ಟರಮ್ಮ ನೋಡಿದರು. ಹಿಮ್ಮಡಿ ಒಡೆಯುತ್ತದಲ್ಲ, ಹಾಗೆ ಅಲ್ಲಿ ಒಂದು ಸೀಳು ಬಿದ್ದಿದೆ ಎಂದರು. ನೀರಿಲ್ಲದೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಸೀಳುತ್ತದೆ, ನೋವಿಗೆ ಹೆದರಿ ತಡೆದರೆ ಇನ್ನೂ ಗಟ್ಟಿಯಾಗುತ್ತದೆ ಎಂದು ವಿವರಿಸಿದರು. ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀಯ ಎಂದು ಕೇಳಿದರು. ಒಂದು ಎಂದೆ. ಅವರು ಅವ್ವನ ಮುಖ ನೋಡಿದರು. ನೀರು, ಸೊಪ್ಪು, ಹಣ್ಣು, ದಿನಕ್ಕೆರಡು ಸಲ ಬೆಚ್ಚನೆಯ ನೀರಲ್ಲಿ ಕೂರುವುದು, ಹಚ್ಚಲು ಒಂದು ಟ್ಯೂಬು. ಬರೆದುಕೊಟ್ಟಾದ ಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ಬಂದಾಗ ಹೋಗಬೇಕು. ತಡೆದುಕೊಂಡರೆ ಈ ಗಾಯ ಮಾಯೋದಿಲ್ಲ, ಆಮೇಲೆ ಆಪರೇಷನ್ನೇ."

ಮನೆಗೆ ಬಂದ ಮೇಲೆ ಅವ್ವ ಸೊಪ್ಪು ಬೇಯಿಸಿದಳು, ಅಗಲದ ಬೋಗುಣಿಗೆ ಬಿಸಿನೀರು ಹೊಯ್ದು ಕೂರಿಸಿದಳು. ಕುಡಿಯುವ ನೀರು ಮಾತ್ರ ಮೊದಲಿನಷ್ಟೇ. ಹಗಲು ಹೋಗುವ ಮಾತೆತ್ತಿದರೆ, ಹನ್ನೆರಡು ತುಂಬಿದವಳು ಚೊಂಬು ಹಿಡಿದು ಕಟ್ಟೆ ಮುಂದೆ ಹೋದರೆ ಜನ ಏನಂದಾರು ಎಂದು ಬಾಯಿ ಮುಚ್ಚಿಸಿದಳು. ಹತ್ತು ದಿನವಾದರೂ ಗಾಯ ಹಾಗೇ ಇತ್ತು.

ಟ್ಯೂಬು ಮಾತ್ರ ಬೇಗ ಬೇಗ ಖಾಲಿಯಾಗುತ್ತಿತ್ತು. ನಾನು ಹಚ್ಚುತ್ತಿದ್ದದ್ದು ಕಡಲೆಬೇಳೆಯಷ್ಟು. ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತು. ಬಂದು ಬಚ್ಚಲಿಗೆ ಇಣುಕಿದರೆ, ನಾನು ಕೂರುವ ಬೋಗುಣಿಯಲ್ಲಿ ಅವ್ವ ಕೂತಿದ್ದಳು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ. ಪಕ್ಕದ ಕಲ್ಲಿನ ಮೇಲೆ ಟ್ಯೂಬು.

"ನಿನಗೂ ಐತೇನವ್ವ?" ಅಂದೆ.

"ನಂದು ಬಿಡು. ನೀನು ಹುಟ್ಟೋಕೆ ಮುಂಚಿಂದ್ಲೂ ಐತೆ," ಅಂದಳು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟು ಹೊತ್ತು ಡಾಕ್ಟರಮ್ಮನ ಎದುರಿಗೇ ಕೂತಿದ್ದಳಲ್ಲ, ತನಗೂ ಇದೆ ಅಂತ ಒಂದು ಮಾತು ಆಡಲಿಲ್ಲವಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ. ಇಡೀ ಸಂಜೆ ಕಟ್ಟೆಯನ್ನೇ ನೋಡುತ್ತಾ ಕೂತಿದ್ದೆ.

ಮಾರನೇ ದಿನ ಬೆಳಗ್ಗೆ ಚೊಂಬು ತುಂಬ ನೀರು ಮೊಗೆದು ಅವ್ವನ ಎದುರಿಗೇ ಗಟಗಟ ಕುಡಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕುಡಿದೆ. ನಡುಹಗಲಿಗೆ ಹೊಟ್ಟೆ ಕರೆಯಿತು. ಚೊಂಬು ತುಂಬಿಸಿಕೊಂಡೆ. ಲಂಗದ ಮರೆಗೆ ಹಿಡಿಯದೆ, ಎಲ್ಲರಿಗೂ ಕಾಣುವಂತೆ ಹಿಡಿದು ಹೊರಟೆ. ಅವ್ವ ಬಾಗಿಲಲ್ಲಿ ನಿಂತು ಕರೆದಳು, ನಾನು ತಿರುಗಲಿಲ್ಲ. ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರ ಕೈಗಳು ನಿಂತವು. ನಾವೆಲ್ಲ ಮಾವ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಮೀಸೆಯಡಿಯಲ್ಲೇ ನಗುತ್ತಾ ಕೇಳಿದರು: "ಏನವ್ವಾ, ಮಟಮಟ ಮಧ್ಯಾಹ್ನ ಎಲ್ಲಿಗೆ ಹೊಂಟೆ?"

"ಬೆಳಿಗ್ಗೆ ನೀವು ಹೋಗಿದ್ರಲ್ಲ ಮಾವ, ಅಲ್ಲಿಗೇ."

ಮಾವ ಕೈಯಲ್ಲಿದ್ದ ಇಸ್ಪೀಟು ಎಲೆಗಳನ್ನು ನೋಡತೊಡಗಿದರು.

ವಾಪಸು ಬಂದಾಗ ಅವ್ವ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಮರುದಿನ ಅಜ್ಜಿ ತನ್ನ ಚೊಂಬು ಹಿಡಿದು ನನ್ನ ಜೊತೆಗೇ ಹೊರಟಳು. ಅವಳಿಗೆ ಅವಸರವೇನೂ ಇರಲಿಲ್ಲ, ಸುಮ್ಮನೆ ಬಂದಳು. ವಾರ ಕಳೆಯುವುದರೊಳಗೆ ಪಕ್ಕದ ಮನೆಯ ಇಬ್ಬರು ಸೇರಿಕೊಂಡರು. ಕಟ್ಟೆಯವರು ಆ ಹೊತ್ತಿಗೆ ಬೆನ್ನು ತಿರುಗಿಸಿ ಕೂರುವುದನ್ನು ಕಲಿತರು. ತಿಂಗಳೊಳಗೆ ನನ್ನ ಗಾಯ ಮಾಯಿತು. ಕುಂಟೆಬಿಲ್ಲೆಯಲ್ಲಿ ಎಲ್ಲರನ್ನೂ ಸೋಲಿಸಿದೆ. ಅವ್ವ ಮಾತ್ರ ಒಂದು ದಿನವೂ ನಮ್ಮ ಜೊತೆ ಬರಲಿಲ್ಲ. ಕತ್ತಲಿಗೇ ಕಾದಳು.

ಈಗ ಆ ಕಟ್ಟೆ ಇಲ್ಲ, ನಮ್ಮ ಮನೆಯಲ್ಲೇ ಚಿಲಕವಿರುವ ಕಕ್ಕಸು ಇದೆ. ಆ ಕಾಲ ಹೋಯಿತಲ್ಲ ಎಂದು ಮರುಗುವವರು ಮರುಗಲಿ. ನನ್ನ ಪಾಲಿಗೆ ಪೀಡೆ ತೊಲಗಿತು. ಕಳೆದುಕೊಂಡದ್ದನ್ನು ಅಳೆಯಲೇಬೇಕು ಅಂದರೆ, ಅವ್ವ ಕುಡಿಯದೆ ಬಿಟ್ಟ ನೀರನ್ನು ಅಳೆಯುತ್ತೇನೆ. ಅದನ್ನು ಯಾರೂ ತಂದುಕೊಡಲಾರರು.

ಮೊನ್ನೆ ಅವ್ವನ ಜೊತೆ ಚಳ್ಳಕೆರೆಗೆ ಬಸ್ಸಲ್ಲಿ ಹೊರಟಿದ್ದೆ. ಬಿಸಿಲಿಗೆ ಅವಳ ತುಟಿ ಒಣಗಿತ್ತು. ನೀರಿನ ಬಾಟಲಿ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ಹಾಕಿದಳು. ಕುಡಿ ಅಂದೆ.

"ಆಮೇಲೆ ಬಂದ್ರೆ ಎಲ್ಲಿಗೆ ಹೋಗ್ಲೇ?" ಅಂದಳು, ಮುಂದಿನ ಸೀಟಿನವರಿಗೆ ಕೇಳಿಸದಂತೆ.

ನಾನು ಪಿಸುಗುಟ್ಟಲಿಲ್ಲ. "ಬಂದ್ರೆ ಬಸ್ಸು ನಿಲ್ಲಿಸ್ತೀನಿ, ಕುಡಿಯವ್ವ," ಅಂದೆ, ಬಸ್ಸಿಗೆಲ್ಲ ಕೇಳುವಂತೆ.

ಕಂಡಕ್ಟರ್ ತಿರುಗಿ ನೋಡಿದ. ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮುಚ್ಚಳ ತೆಗೆದು ಅರ್ಧ ಬಾಟಲಿ ಕುಡಿದಳು.