ಎಳೆ, ಬಿಡು
ಯಳಂದೂರಿನಲ್ಲಿ ಬೆಟ್ಟದ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಹಳೆಯ ಬಂಗಲೆಯ ವಸ್ತುಸಂಗ್ರಹಾಲಯ ಹೊಕ್ಕೆ. ಒಳಗೆ, ಅರ್ಧ ನೇಯ್ದ ರೇಷ್ಮೆ ಸೀರೆಯಿದ್ದ ಮಗ್ಗದ ಮುಂದೆ, ಕೊಳ್ಳೇಗಾಲದ ನೇಕಾರ ಮನೆಗಳ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಮನಸ್ಸಿನ ನೆಮ್ಮದಿಗೆಂದು ಇಲ್ಲಿ ವಾರಕ್ಕೊಮ್ಮೆ ಧ್ಯಾನವಂತೆ. ಕಲಿಸುವ ಹುಡುಗಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು: "ಉಸಿರು ಎಳೆ, ಬಿಡು. ಎಳೆ, ಬಿಡು."

"ಎಳೆ ಬುಟ್ರೆ ಸೀರೆ ಕೆಟ್ಟೋಯ್ತದೆ ಕಣವ್ವ!"

ಅಂದದ್ದು ಮುಂದಿನ ಸಾಲಿನ ಅಜ್ಜಿ. ಕೋಣೆಯೆಲ್ಲ ನಕ್ಕಿತು. ಪಕ್ಕದಲ್ಲಿದ್ದ ಮಗಳು ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನನ್ನತ್ತ ತಿರುಗಿದಳು. "ಲಕ್ವ ಒಡೆದ್ಮೇಲೆ ನಮ್ಮವ್ವ ಮಾತೇ ಬುಟ್ಬುಟ್ಟಿತ್ತು ಸಾ."

ಅಜ್ಜಿ ಆಗಲೇ ಎದ್ದಿದ್ದರು. 'ಮುಟ್ಟಬೇಡಿ' ಎಂಬ ಫಲಕ ತೂಗಿದ್ದ ಹಗ್ಗವನ್ನು ಕಾವಲಿನವರೇ ಕಳಚಿದರು. ಮಗ್ಗದಲ್ಲಿ ತುಂಡಾಗಿ ಜೋತಿದ್ದ ಒಂದು ಎಳೆಯನ್ನು ಅಜ್ಜಿ ಹಿಡಿದರು. ಲಕ್ವ ಹೊಡೆದ ಬಲಗೈಯಿಂದ ಎಳೆ ಜಾರಿತು, ಮತ್ತೆ ಹಿಡಿದರು. ಯಾರೂ ಹೇಳದೆಯೇ ನಾವೆಲ್ಲ ಉಸಿರು ಬಿಗಿಹಿಡಿದೆವು. ಗಂಟು ಬಿತ್ತು.

ಹೊರಗೆ ನನ್ನ ಬಸ್ಸಿನ ಹಾರನ್ ಕೇಳಿಸಿತು. ಹೋದರೆ ಹೋಗಲಿ ಅಂದುಕೊಂಡೆ. ಅಜ್ಜಿ ಹುಡುಗಿಯ ಕಡೆ ತಿರುಗಿ, ಗೆದ್ದವರ ದನಿಯಲ್ಲಿ ಅಂದರು:

"ನೋಡ್ದೇನವ್ವ? ಬುಡ್ನಿಲ್ಲ ನಾನು!"