ನಮ್ಮನೆಯವಳು ಮಾಡಿದ್ದು

ತುರುವೇಕೆರೆಯ ಹೈಸ್ಕೂಲೊಂದರಲ್ಲಿ ತಿಮ್ಮೇಶ್ ಡ್ರಾಯಿಂಗ್ ಮೇಷ್ಟ್ರು. ಊರು ಸಂಪಿಗೆ. ಅಪ್ಪ ಮೂಡಲಗಿರಿಯಪ್ಪನಿಗೆ ಮೂರು ಎಕರೆ ತೆಂಗಿನ ತೋಟ. ಮನೆಯಿಂದ ಶಾಲೆಗೆ ದಿನವೂ ಮೊಪೆಡ್ಡಿನಲ್ಲಿ ಓಡಾಟ. ಹೊರಗಿನವರ ಕಣ್ಣಿಗೆ ಇಷ್ಟೇ ಅವನ ಬದುಕು.

ತೊಂಬತ್ತಾರರ ಬೇಸಿಗೆಯಲ್ಲಿ ಚಿತ್ರಕಲಾ ಶಿಕ್ಷಕರ ತರಬೇತಿಗೆಂದು ಮೈಸೂರಿಗೆ ಹೋಗಿದ್ದಾಗ ಒಬ್ಬ ವಯಸ್ಸಾದ ಟೀಚರ್ ಎರಡು ಮಧ್ಯಾಹ್ನ ಇಕೆಬಾನ ಹೇಳಿಕೊಟ್ಟರು. ಜಪಾನಿನವರು ಹೂ ಜೋಡಿಸುವ ಕ್ರಮ. ಎತ್ತರದ ಕಡ್ಡಿ ಆಕಾಶ, ನಡುವಿನದು ಮನುಷ್ಯ, ಗಿಡ್ಡದ್ದು ನೆಲ. ಉಳಿದ ಜಾಗ ಖಾಲಿ ಬಿಡಬೇಕು. ಉಳಿದ ಮೇಷ್ಟ್ರುಗಳು ಆಕಳಿಸುತ್ತ ಕೂತಿದ್ದರು. ತಿಮ್ಮೇಶನಿಗೆ ಮಾತ್ರ ಆ ಖಾಲಿ ಜಾಗದಿಂದ ಕಣ್ಣು ಕೀಳಲಾಗಲಿಲ್ಲ.

ಊರಿಗೆ ಬಂದವನೇ ಕಮ್ಮಾರನ ಹತ್ತಿರ ಸೀಸ ಕರಗಿಸಿ, ಅದಕ್ಕೆ ಸಣ್ಣ ಮೊಳೆಗಳನ್ನು ತಲೆಕೆಳಗಾಗಿ ನಾಟಿಸಿ, ಕಡ್ಡಿ ಚುಚ್ಚಿ ನಿಲ್ಲಿಸುವ ಮುಳ್ಳುಬಿಲ್ಲೆ ಮಾಡಿಸಿಕೊಂಡ. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಒಂದು ಗಂಟೆ ಅದೇ ಕೆಲಸ. ಹೊಂಗೆಯ ಕೊಂಬೆ, ಬೇಲಿಯ ಕಣಗಿಲೆ, ಒಮ್ಮೊಮ್ಮೆ ಗಾಳಿಗೆ ಬಿದ್ದ ಹೊಂಬಾಳೆಯ ಒಂದೇ ಎಳೆ. ಎಷ್ಟೋ ವಾರ ಏನೂ ಸರಿಬರುತ್ತಿರಲಿಲ್ಲ. ಆದರೂ ಬಿಡಲಿಲ್ಲ.

ಮೊದಲ ತಿಂಗಳಲ್ಲೇ ಅಪ್ಪ ನೋಡಿದ. "ಇದ್ಯಾವ ದೇವ್ರಿಗೆ ಕಣ್ಲಾ?" ಎಂದು ಕೇಳಿದ. ಯಾವ ದೇವರಿಗೂ ಅಲ್ಲ ಎಂದಾಗ, "ಹೂವು ಹೆಂಗಸ್ರು ಮುಡ್ಕಳದು, ಇಲ್ಲ ದೇವ್ರು ಮುಡ್ಕಳದು. ಗಂಡಸು ಮುಂದಿಟ್ಕಂಡು ಕೂತ್ರೆ ಜನ ಏನಂತಾರೆ?" ಎಂದು ತೋಟಕ್ಕೆ ನಡೆದ. ಬೈಗುಳವೇನಲ್ಲ. ಆದರೆ ತಿಮ್ಮೇಶನ ಕಿವಿ ಕೆಂಪಾಯಿತು. ಮರುವಾರದಿಂದ ಕೊಬ್ಬರಿ ಅಟ್ಟದ ಕೆಳಗಿನ ಕತ್ತಲೆ ಕೋಣೆಗೆ ಹೋಗಿ, ಬಾಗಿಲು ಮುಂದಕ್ಕೆಳೆದುಕೊಂಡು ಕೂರತೊಡಗಿದ. ಹೆಂಡತಿ ಜ್ಯೋತಿಲಕ್ಷ್ಮಿಗೆ ಗೊತ್ತಿತ್ತು. ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಹೀಗೇ ನಾಲ್ಕು ವರ್ಷ ನಡೆಯಿತು. ಎರಡು ಸಾವಿರದ ಇಸವಿಯಲ್ಲಿ ಒಂದು ಭಾನುವಾರ ಜೋಡಣೆ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಬೆಳಕಲ್ಲಿ ನೋಡಬೇಕೆನಿಸಿ ಹೂವಿನ ತಟ್ಟೆಯನ್ನು ಪಡಸಾಲೆಗೆ ತಂದಿಟ್ಟ. ಅದೇ ಹೊತ್ತಿಗೆ ಹೆಡ್‌ಮೇಷ್ಟ್ರು ಶ್ರೀರಂಗಯ್ಯ ಮಗಳ ಮದುವೆ ಕರೆಯೋಲೆ ಹಿಡಿದು ಒಳಗೆ ಬಂದರು. ಕೂರುವ ಮೊದಲೇ ಕಣ್ಣು ತಟ್ಟೆಯ ಮೇಲೆ ಬಿತ್ತು. ಯಾರು ಮಾಡಿದ್ದೆಂದು ಕೇಳಿದರು.

"ನಮ್ಮನೆಯವಳು ಮಾಡಿದ್ದು ಸಾರ್," ಎಂದ ತಿಮ್ಮೇಶ್.

ಕಾಫಿ ಹಿಡಿದು ಬರುತ್ತಿದ್ದ ಜ್ಯೋತಿಲಕ್ಷ್ಮಿಗೆ ಅದು ಕೇಳಿಸಿತು. ಲೋಟಗಳನ್ನಿಟ್ಟು ಒಳಗೆ ಹೋದಳು.

ಹೆಡ್‌ಮೇಷ್ಟ್ರ ಹೆಂಡತಿ ತುರುವೇಕೆರೆಯ ಮಹಿಳಾ ಸಮಾಜದ ಕಾರ್ಯದರ್ಶಿ. ಹದಿನೈದು ದಿನದಲ್ಲೇ, ಸಮಾಜದ ವಾರ್ಷಿಕೋತ್ಸವದಲ್ಲಿ ಶ್ರೀಮತಿಯವರು ಜಪಾನಿ ಹೂ ಜೋಡಣೆ ಮಾಡಿ ತೋರಿಸಬೇಕೆಂದು ಪತ್ರ ಬಂತು. ನಿಜ ಹೇಳಿಬಿಡಿ ಎಂದಳು ಜ್ಯೋತಿಲಕ್ಷ್ಮಿ. ಶಾಲೆಯಲ್ಲಿ ತಲೆ ಎತ್ತಿಕೊಂಡು ಓಡಾಡೋಕಾಗಲ್ಲ ಎಂದು ಇವನು ಗೋಗರೆದ. ಕೊನೆಗೆ ಅವಳು ಒಪ್ಪಿದಳು. ಒಂದು ವಾರ ಕೂರಿಸಿಕೊಂಡು ಒಂದೇ ಒಂದು ಜೋಡಣೆ ಕಲಿಸಿದ: ಒಂದು ಹೊಂಗೆ ಕೊಂಬೆ, ಎರಡು ದಾಸವಾಳ. ಅವಳು ಬಾಯಿಪಾಠದಂತೆ ಕಲಿತಳು.

ವಾರ್ಷಿಕೋತ್ಸವದ ದಿನ ಸಭಾಂಗಣ ತುಂಬಿತ್ತು. ಮನೆಯಿಂದ ತಂದ ಹೂಗಳನ್ನು ಜ್ಯೋತಿಲಕ್ಷ್ಮಿ ಇನ್ನೂ ಬಿಚ್ಚುತ್ತಿದ್ದಳು; ಅಷ್ಟರಲ್ಲಿ ಅತಿಥಿಯಾಗಿ ಬಂದಿದ್ದ ಹೆಂಗಸು ತುಮಕೂರಿನಿಂದ ತಂದ ದೊಡ್ಡ ಹೂಗುಚ್ಛವನ್ನು ಮುಂದಿಟ್ಟು, ಇದರಲ್ಲೇ ಮಾಡಿ ತೋರಿಸಿ ಎಂದರು. ಉದ್ದ ಕಡ್ಡಿಯ, ಹೆಸರೇ ಗೊತ್ತಿಲ್ಲದ ಹೂಗಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಒಂದು ಕಡ್ಡಿ ಚುಚ್ಚಿದಳು, ವಾಲಿತು. ಇನ್ನೊಂದು ಚುಚ್ಚಿದಳು, ತಟ್ಟೆಯೇ ಮಗುಚಿ ನೀರು ಸೀರೆಯ ಮೇಲೆ ಚೆಲ್ಲಿತು. ಮುಳ್ಳು ತಾಗಿ ಬೆರಳಲ್ಲಿ ರಕ್ತ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಅವಳು ತಲೆಯೆತ್ತಿ ಮೂರನೇ ಸಾಲಿನತ್ತ ನೋಡಿದಳು.

ತಿಮ್ಮೇಶ್ ಅಲ್ಲೇ ಕೂತಿದ್ದ. ಯಾವ ಕಡ್ಡಿ ಎಲ್ಲಿ ಕತ್ತರಿಸಬೇಕೆಂದು ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಾಗಿತ್ತು. ಅವನು ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡ.

"ನಂಗೆ ಇದು ಬರಲ್ಲ, ಕ್ಷಮಿಸಿ," ಎಂದು ಮೈಕಿನಲ್ಲಿ ಹೇಳಿ ಅವಳು ಕೆಳಗಿಳಿದಳು. ಅವನ ಹೆಸರೆತ್ತಲಿಲ್ಲ.

ಮನೆ ಮುಂದೆ ಗಾಡಿಯಿಂದಿಳಿದು, "ಬರಲ್ಲ ಅಂದಿದ್ದಕ್ಕೆ ನಂಗೇನು ನಾಚ್ಕೆ ಇಲ್ಲ ಕಣ್ರೀ. ನೀವು ಎದ್ದು ಬತ್ತೀರ ಅಂತ ನೋಡ್ತಿದ್ದೆ," ಎಂದಳು.

ಆ ಮಾತು ಅವನನ್ನು ಅನ್ನದ ತಟ್ಟೆಯ ಮುಂದೆಯೂ ಬಿಡಲಿಲ್ಲ, ಬೋರ್ಡಿನ ಮುಂದೆಯೂ ಬಿಡಲಿಲ್ಲ. ವಾರ ಕಳೆದು ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿದ. ಅವರು ಕನ್ನಡಕ ತೆಗೆದಿಟ್ಟು, "ಆಗಿದ್ದು ಆಯ್ತು ಬುಡ್ರೀ. ಇನ್ಯಾರ್ಗೂ ಹೇಳಕ್ಕೋಗ್ಬೇಡಿ. ಹುಡುಗ್ರು ಆಡ್ಕಂತವೆ," ಎಂದರು. ಹೊರಗೆ ಬಂದಾಗ ಎದೆ ಹಗುರಾದಂತಾಯಿತು. ಮೊಪೆಡ್ ಹತ್ತುವಷ್ಟರಲ್ಲಿ, ಹಗುರಾದದ್ದು ತಪ್ಪೊಪ್ಪಿಕೊಂಡಿದ್ದರಿಂದಲ್ಲ, ಮುಚ್ಚಿಡಲು ಅಪ್ಪಣೆ ಸಿಕ್ಕಿದ್ದರಿಂದ ಎಂದು ಹೊಳೆದು ಹೇಸಿಗೆಯಾಯಿತು. ಆ ನಾಚಿಕೆ ಮೊದಲಿನದಕ್ಕಿಂತ ದೊಡ್ಡದು.

ಎಂಟು ತಿಂಗಳು ಅವನು ಹೂ ಮುಟ್ಟಲಿಲ್ಲ. ಆಮೇಲೊಂದು ಶನಿವಾರ ಶಾಲೆ ಬಿಟ್ಟವನು ನೇರ ಮಹಿಳಾ ಸಮಾಜಕ್ಕೆ ಹೋದ. ತಿಂಗಳ ಸಭೆ, ಹದಿನಾಲ್ಕು ಜನ ಹೆಂಗಸರಿದ್ದರು. ನಿಂತುಕೊಂಡೇ ಹೇಳಿದ, ಹೂ ಜೋಡಿಸುವವನು ನಾನು, ಸುಳ್ಳು ಹೇಳಿದವನೂ ನಾನು, ಅವಳನ್ನು ವೇದಿಕೆ ಹತ್ತಿಸಿ ಕೆಳಗೆ ಸುಮ್ಮನೆ ಕೂತವನೂ ನಾನೇ ಎಂದು. ನಾಲಿಗೆ ತೊದಲಿತು. ಇಬ್ಬರು ನಕ್ಕರು. ಯಾರೂ ಸಮಾಧಾನದ ಮಾತಾಡಲಿಲ್ಲ. ಹೆಡ್‌ಮೇಷ್ಟ್ರ ಹೆಂಡತಿ ಕೇಳಿದ್ದು ಒಂದೇ: ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?

ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ತನಗೆ ಒಂದು ಮಾತೂ ಹೇಳದೆ ಹೋದದ್ದೇಕೆಂದು ಜ್ಯೋತಿಲಕ್ಷ್ಮಿ ಕೇಳಿದಳು.

"ಹೇಳಿದ್ರೆ ನೀನು ಬ್ಯಾಡ ಬುಡಿ ಅಂತಿದ್ದೆ. ನಾನೂ ಅಷ್ಟೇ ಸಾಕು ಅಂತ ನಿಂತ್ಬುಡ್ತಿದ್ದೆ," ಎಂದ.

ಮಾರನೆಯ ದಿನ ಭಾನುವಾರ. ತಿಮ್ಮೇಶ್ ಜಗುಲಿಯ ಮೇಲೆ, ಬೀದಿಗೆ ಮುಖಮಾಡಿ ಕೂತ. ಹೋಗುವವರು ನಿಂತು ನೋಡಿದರು. ಅಪ್ಪ ಹಿತ್ತಿಲ ಬಾಗಿಲಿಂದ ತೋಟಕ್ಕೆ ಹೋದ. ಆಮೇಲೆ ಊರಿಗೆ ಅದೂ ಅಭ್ಯಾಸವಾಯಿತು. ವರ್ಷಗಳು ಕಳೆದವು, ಅವನು ಒಂದು ವಾರವೂ ತಪ್ಪಿಸಲಿಲ್ಲ. ಜ್ಯೋತಿಲಕ್ಷ್ಮಿ ಮಾತ್ರ ಆ ಒಂದು ಗಂಟೆ ಜಗುಲಿಯ ಕಡೆ ಬರುವುದಿಲ್ಲ. ಅವನೂ ಕರೆಯುವುದಿಲ್ಲ.